ವಿಕಿರಣದ ಜೊತೆಗೆ ಇಮ್ಯುನೋಥೆರಪಿ: ಯಾರಿಗೆ, ಯಾವಾಗ?

ಬಾಯಿ, ಗಂಟಲು ಹಾಗೂ ಕುತ್ತಿಗೆಯ ಕ್ಯಾನ್ಸರ್ ಕುರಿತು ಓದುಗರು ಕೇಳಿರುವ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಮಂಗಳೂರಿನ ವಿಕಿರಣ ಚಿಕಿತ್ಸಾ ತಜ್ಞರು ಉತ್ತರಿಸಿದ್ದಾರೆ. ಪತ್ರ ಬರೆದವರ ಕೋರಿಕೆಯಂತೆ ಅವರ ಹೆಸರುಗಳನ್ನು ಕೊಟ್ಟಿಲ್ಲ.

ಪ್ರಶ್ನೆ: ಮಾನ್ಯ ಡಾಕ್ಟರರೇ, ನನ್ನ ತಂದೆಯವರಿಗೆ 58 ವರ್ಷ. ಎಡ ಕೆನ್ನೆಯ ಒಳಗೆ ಮಾಯದ ಹುಣ್ಣಿತ್ತು. ಬಯಾಪ್ಸಿ ಮಾಡಿಸಿದಾಗ ಕ್ಯಾನ್ಸರ್ ಎಂದು ತಿಳಿಯಿತು. ಕುತ್ತಿಗೆಯ ಗ್ರಂಥಿಗೂ ಹರಡಿದ್ದು, ನಾಲ್ಕನೇ ಹಂತದ ‘ಎ’ ಎಂದು ವರದಿಯಲ್ಲಿದೆ. ಮಂಗಳೂರಿನ ವೈದ್ಯರು ಮೊದಲು ಆಪರೇಷನ್, ಆಮೇಲೆ ಆರು ವಾರ ಕರೆಂಟು, ಅದರ ಜೊತೆಗೆ ಸಿಸ್‌ಪ್ಲಾಟಿನ್ ಕಿಮೋ ಎಂದು ಹೇಳಿದ್ದಾರೆ. ದುಬೈಯಲ್ಲಿರುವ ನನ್ನ ಭಾವನವರು, ‘ಈಗ ಆಪರೇಷನ್ನೇ ಬೇಡ, ಕರೆಂಟಿನ ಜೊತೆ ಇಮ್ಯುನೋಥೆರಪಿ ಕೊಡಿಸಿ, ತೋಟದ ಒಂದು ಭಾಗ ಮಾರಿದರೂ ಅಡ್ಡಿಯಿಲ್ಲ’ ಎನ್ನುತ್ತಿದ್ದಾರೆ. ಏನು ಮಾಡುವುದು ಸರಿ?
– ಓದುಗರು, ಕಾರ್ಕಳ ತಾಲ್ಲೂಕು

ಉತ್ತರ: ಆಪರೇಷನ್ ಬಿಡುವ ಮಾತನ್ನು ದಯವಿಟ್ಟು ಒಪ್ಪಬೇಡಿ. ಕೆನ್ನೆ, ವಸಡು, ನಾಲಗೆಯ ಕ್ಯಾನ್ಸರ್‌ಗಳಲ್ಲಿ ಗಡ್ಡೆಯನ್ನು ಪೂರ್ತಿಯಾಗಿ ತೆಗೆಯಲು ಸಾಧ್ಯವಿದ್ದರೆ ಶಸ್ತ್ರಚಿಕಿತ್ಸೆಯೇ ಇಂದಿಗೂ ಮೊದಲ ಆಯ್ಕೆ. ನಿಮ್ಮ ವೈದ್ಯರು ಹೇಳಿದ ಕ್ರಮ ಸರಿಯಾಗಿಯೇ ಇದೆ. ಹಾಗೆಂದು ನಿಮ್ಮ ಭಾವನವರು ಹೇಳಿದ್ದು ಪೂರ್ತಿ ಸುಳ್ಳೇನೂ ಅಲ್ಲ. ಇಮ್ಯುನೋಥೆರಪಿಗೆ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ವಿರುದ್ಧ ಬಳಸುವ ಚಿಕಿತ್ಸೆಗೆ, ಈ ಕಾಯಿಲೆಯಲ್ಲಿ ಒಂದು ಜಾಗ ಸಿಕ್ಕಿದೆ, ಆದರೆ ಆ ಜಾಗ ಅವರು ತಿಳಿದುಕೊಂಡ ಕಡೆ ಇಲ್ಲ. ಇದೇ ಪ್ರಶ್ನೆಯನ್ನು ಈಚೆಗೆ ಬಹಳ ಮಂದಿ ಕೇಳುತ್ತಿರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ನಮ್ಮ ರಕ್ತದಲ್ಲಿರುವ ಟಿ ಜೀವಕೋಶಗಳು ರೋಗಪೀಡಿತ ಕೋಶಗಳನ್ನು ಗುರುತಿಸಿ ಕೊಲ್ಲುತ್ತವೆ. ಅವು ಅತಿಯಾಗಿ ವರ್ತಿಸಿ ನಮ್ಮದೇ ಅಂಗಾಂಗಗಳಿಗೆ ಹಾನಿ ಮಾಡದಿರಲೆಂದು ಅವುಗಳ ಮೇಲೆ ಪಿಡಿ-1 ಎಂಬ ಪ್ರೋಟೀನು ಇರುತ್ತದೆ, ಅದು ಬ್ರೇಕಿನಂತೆ ಕೆಲಸ ಮಾಡುತ್ತದೆ. ಅನೇಕ ಕ್ಯಾನ್ಸರ್ ಕೋಶಗಳು ತಮ್ಮ ಮೈಮೇಲೆ ಪಿಡಿ-ಎಲ್1 ಎಂಬ ಇನ್ನೊಂದು ಪ್ರೋಟೀನನ್ನು ಹೊತ್ತುಕೊಂಡು, ಅದರಿಂದ ಈ ಬ್ರೇಕನ್ನು ಒತ್ತಿ ಹಿಡಿದು, ಟಿ ಕೋಶಗಳಿಂದ ತಪ್ಪಿಸಿಕೊಳ್ಳುತ್ತವೆ. ಈ ಹಿಡಿತವನ್ನು ಬಿಡಿಸುವ ಔಷಧಿಗಳೇ ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಮೊದಲಾದವು. ಇವುಗಳಿಗೆ ತಳಹದಿಯಾದ ಸಂಶೋಧನೆಗಾಗಿ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಇನ್ನು ವಿಕಿರಣ, ಅಂದರೆ ನೀವು ಕರೆಂಟು ಎಂದು ಬರೆದದ್ದು, ಕ್ಯಾನ್ಸರ್ ಕೋಶದ ಡಿಎನ್ಎಯನ್ನು ಮುರಿಯುತ್ತದೆ. ಹಾಗೆ ಸಾಯುವ ಕೋಶಗಳು ಹೊರಚೆಲ್ಲುವ ಪ್ರೋಟೀನುಗಳು ರೋಗನಿರೋಧಕ ವ್ಯವಸ್ಥೆಯನ್ನು ಎಚ್ಚರಿಸಬಲ್ಲವು. ವಿಕಿರಣ ಶತ್ರುವನ್ನು ತೋರಿಸಿಕೊಡಲಿ, ಇಮ್ಯುನೋಥೆರಪಿ ಟಿ ಕೋಶಗಳನ್ನು ಬಿಡಿಸಲಿ, ಎರಡೂ ಕೂಡಿದರೆ ಪರಿಣಾಮ ಇಮ್ಮಡಿಯಾಗಲಿ ಎಂಬ ಆಲೋಚನೆ ಹುಟ್ಟಿದ್ದು ಹೀಗೆ. ಪ್ರಯೋಗಾಲಯದ ಇಲಿಗಳಲ್ಲಿ ಇದು ಚೆನ್ನಾಗಿಯೇ ನಡೆಯಿತು.

ಮನುಷ್ಯರಲ್ಲಿ ನಡೆಯಲಿಲ್ಲ. ಜಾವೆಲಿನ್ ಹೆಡ್ ಅಂಡ್ ನೆಕ್ 100 ಎಂಬ ಅಧ್ಯಯನದಲ್ಲಿ 697 ರೋಗಿಗಳಿಗೆ ವಿಕಿರಣ ಮತ್ತು ಸಿಸ್‌ಪ್ಲಾಟಿನ್ ನೀಡಿ, ಅವರಲ್ಲಿ ಅರ್ಧದಷ್ಟು ಜನರಿಗೆ ಅವೆಲುಮ್ಯಾಬ್ ಎಂಬ ಇಮ್ಯುನೋಥೆರಪಿಯನ್ನೂ ಸೇರಿಸಲಾಯಿತು. ಪ್ರಯೋಜನ ಕಾಣುವ ಸಂಭವವಿಲ್ಲವೆಂದು 2020ರಲ್ಲಿ ಅದನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಕೀನೋಟ್-412 ಎಂಬ ಅಧ್ಯಯನ 804 ರೋಗಿಗಳಲ್ಲಿ ಪೆಂಬ್ರೊಲಿಜುಮ್ಯಾಬನ್ನು ಇದೇ ರೀತಿ ಪರೀಕ್ಷಿಸಿತು. ಅಲ್ಲಿ ಕಂಡ ಅಲ್ಪ ವ್ಯತ್ಯಾಸ ಔಷಧಿಯಿಂದಲೇ ಬಂತೆಂದು ಹೇಳುವಷ್ಟು ಗಟ್ಟಿಯಾಗಿರಲಿಲ್ಲ. ಅಂದರೆ, ಗಡ್ಡೆಯನ್ನು ತೆಗೆಯದೆ ವಿಕಿರಣದ ಜೊತೆಯಲ್ಲೇ ಇಮ್ಯುನೋಥೆರಪಿ ಕೊಡುವ ದಾರಿಯನ್ನು, ನಿಮ್ಮ ಭಾವನವರು ಸೂಚಿಸಿದ ಆ ದಾರಿಯನ್ನೇ, ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿ ನೋಡಿಯಾಗಿದೆ. ಅದು ಫಲ ಕೊಟ್ಟಿಲ್ಲ.

ಹೀಗೇಕಾಯಿತು ಎಂಬುದಕ್ಕೆ ಹೆಚ್ಚಿನ ತಜ್ಞರು ಕೊಡುವ ಒಂದು ವಿವರಣೆ ನನಗೂ ಸರಿಯೆನಿಸುತ್ತದೆ. ಟಿ ಕೋಶಗಳು ಕ್ಯಾನ್ಸರನ್ನು ಗುರುತಿಸಲು ಕಲಿಯುವುದು ಗಡ್ಡೆಯ ಸಮೀಪದ ದುಗ್ಧಗ್ರಂಥಿಗಳಲ್ಲಿ, ಬಾಯಿಯ ಕ್ಯಾನ್ಸರಿನಲ್ಲಿ ಎಂದರೆ ಕುತ್ತಿಗೆಯ ಗ್ರಂಥಿಗಳಲ್ಲಿ. ನಾವು ರೋಗ ಹರಡಿರಬಹುದೆಂಬ ಶಂಕೆಯಿಂದ ಅನೇಕರಿಗೆ ಕುತ್ತಿಗೆಯ ಎರಡೂ ಬದಿಗೆ ವಾರಗಟ್ಟಲೆ ವಿಕಿರಣ ಹಾಯಿಸುತ್ತೇವೆ, ಮತ್ತು ವಿಕಿರಣಕ್ಕೆ ಅತಿ ಬೇಗ ಸಾಯುವ ಕೋಶಗಳಲ್ಲಿ ಲಿಂಫೋಸೈಟುಗಳೂ, ಅಂದರೆ ಟಿ ಕೋಶಗಳು ಸೇರಿರುವ ಬಿಳಿ ರಕ್ತಕಣಗಳ ಗುಂಪೂ, ಸೇರಿವೆ. ಚಿಕಿತ್ಸೆಯಲ್ಲಿರುವವರ ಕಡತದಲ್ಲಿ ವಾರವಾರದ ರಕ್ತಪರೀಕ್ಷೆಯ ಹಾಳೆಗಳನ್ನು ಒಂದರ ಪಕ್ಕ ಒಂದಿಟ್ಟು ಲಿಂಫೋಸೈಟಿನ ಸಾಲನ್ನು ಮಾತ್ರ ಓದಿದರೆ ಸಾಕು: ಮೊದಲ ವಾರದ ಸಂಖ್ಯೆ ಮೂರನೇ ವಾರಕ್ಕೆ ಎಷ್ಟೋ ಕೆಳಗಿಳಿದು, ಕೊನೆಯ ವಾರದಲ್ಲಿ ಅಲ್ಲೇ ನೆಲ ಹಿಡಿದಿರುತ್ತದೆ. ಕೆಲಸ ಮಾಡಬೇಕಾದ ಕೋಶಗಳನ್ನೇ ನಾವು ಕಡಿಮೆ ಮಾಡುತ್ತಿರುವಾಗ ಅವುಗಳ ಬ್ರೇಕು ಬಿಡಿಸಿ ಫಲವೇನು?

ಅನುಕ್ರಮವನ್ನು ಬದಲಿಸಿದಾಗ ಮಾತ್ರ ಚಿತ್ರ ಬದಲಾಯಿತು. 2025ರಲ್ಲಿ ಪ್ರಕಟವಾದ ಕೀನೋಟ್-689 ಎಂಬ ಅಧ್ಯಯನದಲ್ಲಿ, ಆಪರೇಷನ್ ಮಾಡಬಹುದಾದ ಮುಂದುವರಿದ ಹಂತದ 714 ರೋಗಿಗಳಲ್ಲಿ ಒಂದು ಗುಂಪಿಗೆ, ಗಡ್ಡೆಯೂ ಗ್ರಂಥಿಗಳೂ ಸ್ವಸ್ಥಾನದಲ್ಲಿರುವಾಗಲೇ, ಪೆಂಬ್ರೊಲಿಜುಮ್ಯಾಬಿನ 2 ಡೋಸು ಕೊಟ್ಟು, ಆಮೇಲೆ ಶಸ್ತ್ರಚಿಕಿತ್ಸೆ ಮಾಡಿ, ಅನಂತರ ವಿಕಿರಣದ ಜೊತೆಗೂ ಅದು ಮುಗಿದ ಮೇಲೂ ಸೇರಿ ಇನ್ನೂ 15 ಡೋಸು ಕೊಟ್ಟರು. ಮೂರು ವರ್ಷಗಳ ಕೊನೆಗೆ ರೋಗ ಮರುಕಳಿಸದೆ, ಉಲ್ಬಣಿಸದೆ ಬದುಕಿದ್ದವರು ಆ ಗುಂಪಿನಲ್ಲಿ ಶೇ. 57.6, ಹಳೆಯ ಕ್ರಮದ ಗುಂಪಿನಲ್ಲಿ ಶೇ. 46.4. ಆ ವರ್ಷದ ಜೂನ್ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಪಿಡಿ-ಎಲ್1 ಇರುವ ಗಡ್ಡೆಗಳಿಗೆ ಇದನ್ನು ಅನುಮೋದಿಸಿತು. ಅದೇ ವರ್ಷ ಬಂದ ನಿವೊಪೋಸ್ಟಾಪ್ ಎಂಬ ಇನ್ನೊಂದು ಅಧ್ಯಯನ, ಆಪರೇಷನ್ ಆದ ಮೇಲೆ ಮರುಕಳಿಸುವ ಅಪಾಯ ಹೆಚ್ಚಿರುವವರಿಗೆ ವಿಕಿರಣ ಮತ್ತು ಸಿಸ್‌ಪ್ಲಾಟಿನ್ ಜೊತೆ ನಿವೊಲುಮ್ಯಾಬ್ ಸೇರಿಸಿದಾಗ ಮೂರು ವರ್ಷ ರೋಗವಿಲ್ಲದೆ ಉಳಿದವರ ಪ್ರಮಾಣ ಶೇ. 52.5ರಿಂದ ಶೇ. 63.1ಕ್ಕೆ ಏರಿದುದನ್ನು ತೋರಿಸಿತು. ಎರಡರಲ್ಲೂ ಶಸ್ತ್ರಚಿಕಿತ್ಸೆ ಇದೆ ಎಂಬುದನ್ನು ಗಮನಿಸಿ. ಬಾಯಿಯ ಕ್ಯಾನ್ಸರಿನಲ್ಲಿ ಅದನ್ನು ಬಿಟ್ಟು ಯಾರೂ ಗೆದ್ದಿಲ್ಲ. ಅಲ್ಲದೆ, ಈ ಅಂಕಿಗಳು ರೋಗ ಮರಳದಿರುವುದರ ಲೆಕ್ಕ. ಒಟ್ಟು ಆಯುಷ್ಯ ಹೆಚ್ಚುತ್ತದೆಯೇ ಎಂಬ ಲೆಕ್ಕ ಈ ಅಧ್ಯಯನಗಳು ಪ್ರಕಟವಾದಾಗ ಇನ್ನೂ ಪಕ್ವವಾಗಿರಲಿಲ್ಲ.

ಆದ್ದರಿಂದ ನಿಮ್ಮ ವೈದ್ಯರಲ್ಲಿ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ‘ಬಯಾಪ್ಸಿಯ ಬ್ಲಾಕಿನಲ್ಲಿ, ಅಂದರೆ ತೆಗೆದಿಟ್ಟ ಗಡ್ಡೆಯ ತುಣುಕಿನಲ್ಲಿ, ಪಿಡಿ-ಎಲ್1 ಪರೀಕ್ಷೆ ಮಾಡಿಸಬಹುದೇ, ಮಾಡಿಸಿದರೆ ಆಪರೇಷನ್ನಿಗೆ ಮೊದಲೇ ಇಮ್ಯುನೋಥೆರಪಿ ಆರಂಭಿಸುವ ಯೋಗ್ಯತೆ ತಂದೆಯವರಿಗೆ ಇದೆಯೇ, ಹಾಗೆ ಮಾಡಿದರೆ ಆಪರೇಷನ್ ತಡವಾಗುವುದಿಲ್ಲವೇ?’ ಮಂಗಳೂರು, ದೇರಳಕಟ್ಟೆ, ಮಣಿಪಾಲದ ದೊಡ್ಡ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸಕರು, ವಿಕಿರಣ ತಜ್ಞರು, ಕಿಮೋ ತಜ್ಞರು ಒಟ್ಟಿಗೆ ಕುಳಿತು ಇಂಥದ್ದನ್ನು ತೀರ್ಮಾನಿಸುವ ಟ್ಯೂಮರ್ ಬೋರ್ಡ್ ಪದ್ಧತಿಯಿದೆ. ನಿಮ್ಮ ತಂದೆಯವರ ವಿಷಯ ಅಲ್ಲಿ ಚರ್ಚೆಯಾಗಲಿ ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ.

ತೋಟದ ವಿಷಯ. ಒಂದೊಂದು ಡೋಸಿನ ಪಟ್ಟಿ ಬೆಲೆಯೇ ಲಕ್ಷಗಳಲ್ಲಿರುವಾಗ 17 ಡೋಸಿನ ಖರ್ಚನ್ನು ನೀವೇ ಅಂದಾಜು ಮಾಡಬಲ್ಲಿರಿ. ನಾನು ವೈದ್ಯನಾಗಿ ಹೇಳುವುದಾದರೆ, ಖಚಿತವಾಗಿ ಗುಣ ಕೊಡುವ ಮೂರು ಚಿಕಿತ್ಸೆಗಳಿಗೆ, ಅಂದರೆ ಆಪರೇಷನ್, ವಿಕಿರಣ ಮತ್ತು ಸಿಸ್‌ಪ್ಲಾಟಿನ್‌ಗೆ, ಹಣ ಮತ್ತು ಸಮಯ ಎರಡನ್ನೂ ಮೊದಲು ಕಾದಿರಿಸಿ. ಇವಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನೆರವಿದೆ. ಬಿಪಿಎಲ್ ಕಾರ್ಡ್ ಇದ್ದವರಿಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು ಸಿಗುತ್ತದೆ. ಸಾಲ ಮಾಡಿ ಎರಡು ಡೋಸು ಇಮ್ಯುನೋಥೆರಪಿ ಕೊಡಿಸಿ, ಕೈ ಬರಿದಾಗಿ ಆಪರೇಷನ್ನನ್ನು ಮುಂದೂಡಿದವರನ್ನು ನೋಡಿದ್ದೇನೆ. ಆ ಲೆಕ್ಕ ಎಂದೂ ಸರಿಹೊಂದುವುದಿಲ್ಲ.

ಇನ್ನೆರಡು ಮಾತು. ಆಪರೇಷನ್ ಆದ ಆರು ವಾರಗಳೊಳಗೆ ವಿಕಿರಣ ಆರಂಭವಾಗಬೇಕು, ಅದಕ್ಕೆ ಮೊದಲೇ ದಂತವೈದ್ಯರಿಗೆ ತೋರಿಸಿ ಹಾಳಾದ ಹಲ್ಲುಗಳನ್ನು ತೆಗೆಸಬೇಕು, ವಿಕಿರಣ ಬಿದ್ದ ದವಡೆಯಲ್ಲಿ ಆಮೇಲೆ ಹಲ್ಲು ಕಿತ್ತರೆ ಮೂಳೆಯೇ ಕೊಳೆಯುವ ಭಯವಿದೆ. ತಂದೆಯವರು ಎಲೆ–ಅಡಿಕೆ ಬಿಟ್ಟಿದ್ದಾರೆಯೇ ಎಂದು ನೀವು ಬರೆದಿಲ್ಲ. ಹೊಗೆಸೊಪ್ಪು ಮಾತ್ರ ಬಿಟ್ಟರೆ ಸಾಕೆಂದು ನಮ್ಮ ಜಿಲ್ಲೆಯಲ್ಲಿ ಹಲವರು ನಂಬಿದ್ದಾರೆ. ಅಡಿಕೆ ಬೆಳೆಯುವ ಊರಿನಲ್ಲಿ ಹೇಳುವುದು ಕಷ್ಟವಾದರೂ ಹೇಳಲೇಬೇಕು, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿಯೇ ಸೇರಿಸಿದೆ.

ಪ್ರಶ್ನೆ: ನಮ್ಮ ಯಜಮಾನರಿಗೆ 66 ವರ್ಷ, ಗಂಟಲಿನ ಕೆಳಭಾಗದಲ್ಲಿ ಕ್ಯಾನ್ಸರ್. ಕಿಡ್ನಿ ದುರ್ಬಲವಾಗಿರುವುದರಿಂದ ಸಿಸ್‌ಪ್ಲಾಟಿನ್ ಕೊಡಲಾಗದೆಂದು ಹೇಳಿ ವಿಕಿರಣ ಮಾತ್ರ ಶುರುಮಾಡಿದ್ದಾರೆ. ಸಿಸ್‌ಪ್ಲಾಟಿನ್ ಬದಲಿಗೆ ಇಮ್ಯುನೋಥೆರಪಿ ಕೊಡಬಹುದಲ್ಲವೇ? ಜೋರು ಮಳೆಯಿಂದ ಬಸ್ಸು ಸಿಗದೆ ಎರಡು ದಿನ ಹೋಗಲಾಗಲಿಲ್ಲ, ತೊಂದರೆಯಿದೆಯೇ?
– ಓದುಗರು, ಉಡುಪಿ

ಉತ್ತರ: ತಾಯಿ, ನಿಮ್ಮ ಮೊದಲ ಪ್ರಶ್ನೆಯನ್ನು ಸಂಶೋಧಕರೂ ಕೇಳಿಕೊಂಡಿದ್ದರು. ಸಿಸ್‌ಪ್ಲಾಟಿನ್ ತಡೆದುಕೊಳ್ಳಲಾರದವರಿಗೆ ವಿಕಿರಣದ ಜೊತೆ ಸೆಟುಕ್ಸಿಮ್ಯಾಬ್ ಎಂಬ ಔಷಧಿ ಕೊಡುವುದು ಪಾಶ್ಚಾತ್ಯ ದೇಶಗಳಲ್ಲಿ ರೂಢಿ. ಅದರ ಬದಲಿಗೆ ಡರ್ವಾಲುಮ್ಯಾಬ್ ಎಂಬ ಇಮ್ಯುನೋಥೆರಪಿ ಕೊಟ್ಟು ನೋಡಿದ ಅಧ್ಯಯನವೊಂದು, ಪೆಂಬ್ರೊಲಿಜುಮ್ಯಾಬ್ ಕೊಟ್ಟು ನೋಡಿದ ಅಧ್ಯಯನ ಇನ್ನೊಂದು. ಎರಡರಲ್ಲಿಯೂ ಇಮ್ಯುನೋಥೆರಪಿ ಮೇಲೆನಿಸಲಿಲ್ಲ. ಆದ್ದರಿಂದ ಅದು ಸಿಗಲಿಲ್ಲವೆಂದು ನೀವು ಕೊರಗಬೇಕಾಗಿಲ್ಲ.

ಆದರೆ ಕೇಳಬೇಕಾದ ಬೇರೊಂದು ಔಷಧಿಯಿದೆ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು ಇಂಥ ರೋಗಿಗಳಿಗೇ ವಿಕಿರಣದ ಜೊತೆ ವಾರಕ್ಕೊಮ್ಮೆ ಸಣ್ಣ ಪ್ರಮಾಣದಲ್ಲಿ ಡೋಸಿಟ್ಯಾಕ್ಸೆಲ್ ಎಂಬ ಕಿಮೋ ಔಷಧಿ ಕೊಟ್ಟು ನೋಡಿದರು. ಎರಡು ವರ್ಷಗಳ ಕೊನೆಗೆ ರೋಗವಿಲ್ಲದೆ ಉಳಿದವರು ವಿಕಿರಣ ಮಾತ್ರ ಪಡೆದವರಲ್ಲಿ ಶೇ. 30.3 ಇದ್ದರೆ, ಡೋಸಿಟ್ಯಾಕ್ಸೆಲ್ ಪಡೆದವರಲ್ಲಿ ಶೇ. 42. ಬದುಕಿ ಉಳಿದವರ ಪ್ರಮಾಣವೂ ಶೇ. 41.7ರಿಂದ ಶೇ. 50.8ಕ್ಕೆ ಏರಿತು. ಈ ಔಷಧಿ ಬಹುಪಾಲು ಪಿತ್ತಜನಕಾಂಗದ ಮೂಲಕ ಹೊರಹೋಗುವುದರಿಂದ ಕಿಡ್ನಿಯ ತೊಂದರೆ ಇದ್ದವರಿಗೂ ಸಾಮಾನ್ಯವಾಗಿ ಕೊಡಲು ಬರುತ್ತದೆ. ಬಾಯಿ–ಗಂಟಲಿನ ಹುಣ್ಣು ಹೆಚ್ಚುತ್ತದೆ, ಅದಕ್ಕೆ ಸಿದ್ಧರಿರಬೇಕು. ಬೆಲೆಯಲ್ಲಿ ಇಮ್ಯುನೋಥೆರಪಿಯ ಹತ್ತಿರವೂ ಬರುವುದಿಲ್ಲ. ನಮ್ಮ ದೇಶದಲ್ಲೇ, ನಮ್ಮ ರೋಗಿಗಳ ಮೇಲೆಯೇ ನಡೆದ ಇಂಥ ಅಧ್ಯಯನಗಳ ಸುದ್ದಿ ವಾಟ್ಸಾಪಿನಲ್ಲಿ ಏಕೋ ಓಡಾಡುವುದೇ ಇಲ್ಲ.

ಎರಡನೆಯ ಪ್ರಶ್ನೆಯೇ ನನಗೆ ಹೆಚ್ಚು ಮುಖ್ಯವಾಗಿ ಕಂಡಿತು. ತಲೆ–ಕುತ್ತಿಗೆಯ ಕ್ಯಾನ್ಸರಿನಲ್ಲಿ ವಿಕಿರಣ ಒಂದು ದಿನ ಲಂಬಿಸಿದರೆ ಗಡ್ಡೆ ಹತೋಟಿಗೆ ಬರುವ ಸಾಧ್ಯತೆ ಸರಿಸುಮಾರು ಶೇ. 1ರಷ್ಟೋ ಅದಕ್ಕಿಂತ ಸ್ವಲ್ಪ ಹೆಚ್ಚೋ ಕುಸಿಯುತ್ತದೆ, ಏಕೆಂದರೆ ಅರ್ಧ ಸತ್ತ ಗಡ್ಡೆಯಲ್ಲಿ ಉಳಿದ ಕೋಶಗಳು ಮೂರು–ನಾಲ್ಕು ವಾರಗಳ ನಂತರ ವೇಗವಾಗಿ ಬೆಳೆಯತೊಡಗುತ್ತವೆ. ತಪ್ಪಿದ ಎರಡು ದಿನಗಳನ್ನು ಶನಿವಾರ ಕೊಟ್ಟೋ, ಆರು ಗಂಟೆಗಳ ಅಂತರವಿಟ್ಟು ಒಂದೇ ದಿನ ಎರಡು ಬಾರಿ ಕೊಟ್ಟೋ ಸರಿದೂಗಿಸಬಹುದು, ನಿಮ್ಮ ವಿಕಿರಣ ವಿಭಾಗದಲ್ಲಿ ನಾಳೆಯೇ ಕೇಳಿ. ವಾರಕ್ಕೆ ಐದರ ಬದಲು ಆರು ಬಾರಿ ವಿಕಿರಣ ಕೊಟ್ಟರೆ ಗಡ್ಡೆಯ ಹತೋಟಿ ಹೆಚ್ಚುತ್ತದೆ ಎಂಬುದು, ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಆಶ್ರಯದಲ್ಲಿ ನಮ್ಮಂಥ ದೇಶಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೇ ಕಂಡಿದೆ: ಐದು ವರ್ಷಗಳಲ್ಲಿ ಶೇ. 30 ಇದ್ದದ್ದು ಶೇ. 42 ಆಯಿತು. ಇದಕ್ಕೆ ಯಾವ ಔಷಧಿಯ ಖರ್ಚೂ ಇಲ್ಲ. ಜೂನ್–ಜುಲೈಯಲ್ಲಿ ಆರಂಭಿಸುವವರಿಗೆ ನಾನು, ಸಾಧ್ಯವಿದ್ದರೆ ಆ ಏಳು ವಾರ ಆಸ್ಪತ್ರೆಯ ಸಮೀಪವೇ ನೆಂಟರ ಮನೆಯಲ್ಲೋ ಬಾಡಿಗೆ ಕೋಣೆಯಲ್ಲೋ ಇರಿ ಎಂದು ಹೇಳುವುದುಂಟು.

ಪ್ರಶ್ನೆ: ಅಮ್ಮನಿಗೆ ನಾಲಗೆಯ ಕ್ಯಾನ್ಸರಿಗೆ ಆಪರೇಷನ್ ಮತ್ತು ವಿಕಿರಣ ಆಗಿ ವರ್ಷ ದಾಟಿದೆ. ಈಗ ಕುತ್ತಿಗೆಯಲ್ಲಿ ಮತ್ತೆ ಗಡ್ಡೆ ಬಂದಿದೆ, ಶ್ವಾಸಕೋಶದಲ್ಲೂ ಗಂಟುಗಳಿವೆ. ಕುತ್ತಿಗೆಗೆ ವಿಕಿರಣ ಕೊಟ್ಟು ಜೊತೆಗೆ ಇಮ್ಯುನೋಥೆರಪಿ ಕೊಟ್ಟರೆ ಶ್ವಾಸಕೋಶದ ಗಂಟುಗಳೂ ತಾವಾಗಿಯೇ ಕರಗುತ್ತವೆ ಎಂದು ಓದಿದೆ. ನಿಜವೇ?
– ಓದುಗರು, ಪುತ್ತೂರು

ಉತ್ತರ: ನೀವು ಓದಿದ್ದಕ್ಕೆ ಅಬ್‌ಸ್ಕೋಪಲ್ ಪರಿಣಾಮ ಎಂದು ಹೆಸರು, 1953ರಿಂದಲೂ ಚಾಲ್ತಿಯಲ್ಲಿರುವ ಹೆಸರು. ಒಂದು ಕಡೆ ವಿಕಿರಣ ಬಿದ್ದಾಗ ದೂರದ ಗಡ್ಡೆಯೂ ಕುಗ್ಗಿದ ಪ್ರಸಂಗಗಳು ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ, ಆದರೆ ಅವು ದಾಖಲಾದದ್ದೇ ಅಪರೂಪ ಎಂಬ ಕಾರಣಕ್ಕೆ. ಹರಡಿದ ತಲೆ–ಕುತ್ತಿಗೆ ಕ್ಯಾನ್ಸರಿನಲ್ಲಿ ಇದನ್ನು ಉದ್ದೇಶಪೂರ್ವಕವಾಗಿ ತರಲು ಸಾಧ್ಯವೇ ಎಂದು ನ್ಯೂಯಾರ್ಕಿನಲ್ಲಿ 62 ರೋಗಿಗಳಲ್ಲಿ ಪರೀಕ್ಷಿಸಿದರು. ನಿವೊಲುಮ್ಯಾಬ್ ಮಾತ್ರ ಪಡೆದವರಿಗಿಂತ, ಒಂದು ಗಡ್ಡೆಗೆ ವಿಕಿರಣವನ್ನೂ ಪಡೆದವರಲ್ಲಿ ಉಳಿದ ಗಡ್ಡೆಗಳು ಹೆಚ್ಚು ಕುಗ್ಗಲಿಲ್ಲ. ಒಮ್ಮೆ ವಿಕಿರಣ ಬಿದ್ದ ಕುತ್ತಿಗೆಗೆ ಪೂರ್ಣ ಪ್ರಮಾಣದಲ್ಲಿ ಮತ್ತೆ ಕೊಟ್ಟರೆ ದೊಡ್ಡ ರಕ್ತನಾಳ ಒಡೆಯುವ ಅಪಾಯವೂ ಇದೆ. ನೋವು ಅಥವಾ ರಕ್ತಸ್ರಾವ ಇದ್ದರೆ ಅದರ ಶಮನಕ್ಕೆ ಕೆಲವೇ ದಿನಗಳ ವಿಕಿರಣ ಕೊಡುವುದು ಬೇರೆ ಮಾತು, ಅದಕ್ಕೆ ಹಿಂಜರಿಯಬೇಡಿ.

ಹಾಗೆಂದು ಇಮ್ಯುನೋಥೆರಪಿ ಅಮ್ಮನಿಗೆ ಬೇಡವೆಂದಲ್ಲ. ಅದು ಮೊಟ್ಟಮೊದಲು ಹೆಸರು ಮಾಡಿದ್ದೇ ಇಂಥ ಮರುಕಳಿಸಿದ ರೋಗದಲ್ಲಿ. ಸಿಸ್‌ಪ್ಲಾಟಿನ್‌ಗೆ ಬಗ್ಗದ ರೋಗಿಗಳಲ್ಲಿ ಒಂದು ವರ್ಷ ಬದುಕಿದವರು ಹಳೆಯ ಔಷಧಿಗಳಿಂದ ಶೇ. 16.6, ನಿವೊಲುಮ್ಯಾಬಿನಿಂದ ಶೇ. 36 ಎಂದು 2016ರಲ್ಲಿ ಬಂದ ಫಲಿತಾಂಶ ಆಗ ನಮಗೆಲ್ಲ ದೊಡ್ಡ ಸುದ್ದಿ. ಪೂರ್ಣ ಡೋಸಿನ ಬೆಲೆ ಮಾತ್ರ ನಮ್ಮಲ್ಲಿ ಹೆಚ್ಚಿನವರ ಕೈಗೆ ಎಟುಕುವಂಥದಲ್ಲ. ಟಾಟಾ ಸ್ಮಾರಕದ ವೈದ್ಯರು ಇದಕ್ಕೊಂದು ದಾರಿ ಹುಡುಕಿದರು. ಎರಡು ವಾರಕ್ಕೊಮ್ಮೆ ಕೊಡುವ 240 ಮಿಲಿಗ್ರಾಂ ಬದಲಿಗೆ ಮೂರು ವಾರಕ್ಕೊಮ್ಮೆ ಕೇವಲ 20 ಮಿಲಿಗ್ರಾಂ ನಿವೊಲುಮ್ಯಾಬನ್ನು, ಮೆಥೊಟ್ರೆಕ್ಸೇಟ್, ಸೆಲಿಕಾಕ್ಸಿಬ್, ಎರ್ಲೊಟಿನಿಬ್ ಎಂಬ ಮೂರು ಮಾತ್ರೆಗಳ ಜೊತೆ ಕೊಟ್ಟಾಗ, ಒಂದು ವರ್ಷ ಬದುಕಿದವರ ಪ್ರಮಾಣ ಶೇ. 16.3ರಿಂದ ಶೇ. 43.4ಕ್ಕೆ ಏರಿತು. ಮಾತ್ರೆ ಮಾತ್ರ ಪಡೆದವರೊಂದಿಗಿನ ಹೋಲಿಕೆ ಇದು. ಪೂರ್ಣ ಡೋಸಿಗೆ ಇದು ಸಮವೆಂದು ಅದರಿಂದ ಹೇಳಲಾಗದು. ಆದರೂ ಹಣದ ಅಡಚಣೆಯಿರುವ ಮನೆಯಲ್ಲಿ ನಾನು ಮೊದಲು ಮುಂದಿಡುವುದು ಇದನ್ನೇ. ರೋಗ ಪೂರ್ತಿ ವಾಸಿಯಾಗುವ ಸಂಭವ ಕಡಿಮೆ ಎಂಬುದನ್ನು ಅಮ್ಮನಿಗೆ ಎಷ್ಟು, ಹೇಗೆ ಹೇಳಬೇಕೆಂದು ನಿಮ್ಮ ವೈದ್ಯರೊಡನೆ ಕುಳಿತು ಮಾತನಾಡಿ. ಇನ್ನು ಮುಂದೆ ಎಲ್ಲಿ, ಯಾರ ಜೊತೆ ಇರಬೇಕೆಂದು ಅಮ್ಮನಿಗೂ ಒಂದು ಅಭಿಪ್ರಾಯ ಇರಬಹುದು.

ಪ್ರಶ್ನೆ: ವಿಕಿರಣ ಮತ್ತು ಇಮ್ಯುನೋಥೆರಪಿ ನಡೆಯುವಾಗ ಇಮ್ಯುನಿಟಿ ಹೆಚ್ಚಲೆಂದು ದಿನಾ ಅಮೃತಬಳ್ಳಿ ಕಷಾಯ ಕುಡಿಯಬಹುದೇ?
– ಓದುಗರು, ಕುಂದಾಪುರ

ಉತ್ತರ: ಬೇಡ. ಅಮೃತಬಳ್ಳಿ ಸೇವನೆಯ ನಂತರ ಪಿತ್ತಜನಕಾಂಗಕ್ಕೆ ಹಾನಿಯಾದ ರೋಗಿಗಳ ವರದಿಗಳು ಕೋವಿಡ್ ಕಾಲದಲ್ಲಿ ಮುಂಬೈಯಿಂದ ಪ್ರಕಟವಾಗಿವೆ. ಇಮ್ಯುನೋಥೆರಪಿಯೂ ಪಿತ್ತಜನಕಾಂಗದ ಉರಿಯೂತ ತರಬಲ್ಲದು. ರಕ್ತಪರೀಕ್ಷೆಯಲ್ಲಿ ಪಿತ್ತಜನಕಾಂಗದ ಹಾನಿಯನ್ನು ಸೂಚಿಸುವ ಎಸ್‌ಜಿಪಿಟಿ ಏರಿದಾಗ ಕಾರಣ ಕಷಾಯವೋ ಔಷಧಿಯೋ ತಿಳಿಯದೆ, ಬೇಕಾದ ಚಿಕಿತ್ಸೆಯನ್ನೇ ನಿಲ್ಲಿಸಬೇಕಾಗುತ್ತದೆ. ಆ ದಿನಗಳಲ್ಲಿ ದೇಹಕ್ಕೆ ಬೇಕಾದದ್ದು ಊಟ. ಬಾಯಿ ಹುಣ್ಣಾದಾಗ ತುಪ್ಪ ಹಾಕಿ ಅರೆದ ಕುಚ್ಚಲಕ್ಕಿ ಗಂಜಿ, ರಾಗಿ ಮಣ್ಣಿ, ಮೆಣಸು–ಹುಳಿ ಇಲ್ಲದೆ ಬೇಯಿಸಿದ ಮೀನು, ಮೊಟ್ಟೆ, ಬೊಂಡದ ಗಂಜಿ ಇವೆಲ್ಲ ಇಳಿಯುತ್ತವೆ. ತೂಕ ಇಳಿಯುತ್ತಲೇ ಇದ್ದರೆ ಮೂಗಿನ ನಳಿಗೆ ಹಾಕಿಸಲು ನಾಚಬೇಡಿ. ವಿಕಿರಣದ ವೇಳೆ ತಲೆ ಅಲುಗದಂತೆ ಹಾಕುವ ಮುಖದ ಮಾಸ್ಕ್ ಸಡಿಲವಾಗುವಷ್ಟು ತೂಕ ಇಳಿದರೆ ವಿಕಿರಣದ ಯೋಜನೆಯನ್ನೇ ಮತ್ತೆ ಮಾಡಬೇಕಾದೀತು.

ಪ್ರಶ್ನೆ: ನನಗೆ ವಿಕಿರಣ ಮುಗಿದು ಇಮ್ಯುನೋಥೆರಪಿ ನಡೆಯುತ್ತಿತ್ತು, ಕೊನೆಯ ಡೋಸಾಗಿ ಎರಡು ತಿಂಗಳಾಯಿತು. ಈಗ ವಿಪರೀತ ಸುಸ್ತು, ಚಳಿ, ಮುಖ ಊದಿದಂತೆ ಕಾಣುತ್ತದೆ. ಊರಿನ ಡಾಕ್ಟರರು ಟಾನಿಕ್ ಕೊಟ್ಟಿದ್ದಾರೆ.
– ಓದುಗರು, ಬಂಟ್ವಾಳ

ಉತ್ತರ: ಟಾನಿಕ್ಕಿಗಿಂತ ಮೊದಲು ಟಿಎಸ್ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಕುತ್ತಿಗೆಯ ವಿಕಿರಣವೂ ಇಮ್ಯುನೋಥೆರಪಿಯೂ ಥೈರಾಯ್ಡ್ ಗ್ರಂಥಿಯನ್ನು ಕುಂಠಿತಗೊಳಿಸಬಲ್ಲವು. ನಿಮಗೆ ಎರಡೂ ಆಗಿವೆ. ಥೈರಾಯ್ಡ್ ಸರಿಯಿದ್ದರೆ ಬೆಳಗಿನ ಕಾರ್ಟಿಸಾಲ್ ಎಂಬ ಹಾರ್ಮೋನಿನ ಪರೀಕ್ಷೆಯೂ ಬೇಕಾಗುತ್ತದೆ. ಈ ಔಷಧಿಗಳ ಅಡ್ಡಪರಿಣಾಮ ಡೋಸು ನಿಂತು ತಿಂಗಳುಗಳಾದ ಮೇಲೂ ತಲೆದೋರಬಹುದು: ನಿಲ್ಲದ ಭೇದಿ, ಒಣಕೆಮ್ಮಿನೊಂದಿಗೆ ಏದುಸಿರು, ಕಣ್ಣು ಹಳದಿಯಾಗುವುದು, ಇದ್ದಕ್ಕಿದ್ದಂತೆ ಸಕ್ಕರೆ ಏರುವುದು ಇವುಗಳಲ್ಲಿ ಯಾವುದೇ ಕಂಡರೂ ಚಿಕಿತ್ಸೆ ಕೊಟ್ಟ ಆಸ್ಪತ್ರೆಗೆ ಅಂದೇ ತಿಳಿಸಬೇಕು, ಏಕೆಂದರೆ ಬೇಗ ಆರಂಭಿಸಿದ ಸ್ಟಿರಾಯ್ಡ್‌ನಿಂದ ಇವುಗಳಲ್ಲಿ ಹೆಚ್ಚಿನವು ಹತೋಟಿಗೆ ಬರುತ್ತವೆ. ಔಷಧಿಯ ಹೆಸರು, ಕೊನೆಯ ಡೋಸಿನ ದಿನಾಂಕ ಮತ್ತು ಆಸ್ಪತ್ರೆಯ ದೂರವಾಣಿ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಆಧಾರ್ ಕಾರ್ಡಿನ ಜೊತೆ ಇಟ್ಟುಕೊಂಡು, ಊರಿನ ಡಾಕ್ಟರರ ಬಳಿ ಹೋದಾಗಲೆಲ್ಲ ಮೊದಲು ಅದನ್ನು ತೋರಿಸಿ.